ಮುಂದಿನ ಹೆಗಲು

ಅಮ್ಮ ಸತ್ತ ದುಃಖಕ್ಕಿಂತ ಊರಿನವರು ಬರುತ್ತಾರಲ್ಲ ಎಂಬ ದಿಗಿಲೇ ಫೆಸ್ಟಿ ಹೆರಾಟಿಗೆ ದೊಡ್ಡದಾಗಿತ್ತು. ಹೀಗೆ ಹೇಳಿದರೆ ಎಂಥ ಮಗನಪ್ಪ ಅನ್ನಿಸುತ್ತದೆ. ಅವನಿಗೂ ಹಾಗೇ ಅನ್ನಿಸಿತ್ತು, ಆದರೆ ಅನ್ನಿಸಿದ ಮಾತ್ರಕ್ಕೆ ದಿಗಿಲು ಬಿಟ್ಟು ಹೋಗುವುದಿಲ್ಲವಲ್ಲ.

ಸಾಲು ಮನೆಯ ಬಾಗಿಲಿಂದ ಗೇಟು ದಾಟಿ ರಸ್ತೆಯವರೆಗೆ ಬೆಳೆದಿತ್ತು. ಒಬ್ಬೊಬ್ಬರಾಗಿ ಒಳಗೆ ಬರುತ್ತಿದ್ದರು. ತೆರೆದ ಪೆಟ್ಟಿಗೆಯಲ್ಲಿ ಮಲಗಿದ್ದ ಡೀಲಿಯಾ ಹೆರಾಟಿಯ ಜಪಮಾಲೆ ಸುತ್ತಿದ ಬೆರಳು ಮುಟ್ಟಿ, ಶಿಲುಬೆ ಗುರುತು ಮಾಡಿಕೊಂಡು, ಗೋಡೆ ಬದಿಯಲ್ಲಿ ಕೂತಿದ್ದ ಮಕ್ಕಳ ಕೈ ಕುಲುಕುತ್ತಿದ್ದರು. ಮೊದಲು ಅಕ್ಕ ಅಟ್ರಾಕ್ಟಾ, ಆಮೇಲೆ ಫೆಸ್ಟಿ.

"ನಿನ್ನ ಕಷ್ಟಕ್ಕೆ ಬೇಜಾರಾಯ್ತು ಫೆಸ್ಟಿ."

"ಬಂದಿದ್ದಕ್ಕೆ ಸಂತೋಷ ಕಣಪ್ಪ."

ಎಲ್ಲರದೂ ಅದೇ ಮಾತು, ಅವನದೂ ಅದೇ ಉತ್ತರ. ಅಡುಗೆಮನೆಯಲ್ಲಿ ಊರಿನ ಫುಟ್‌ಬಾಲ್ ಕ್ಲಬ್ಬಿನ ಹೆಂಗಸರು ಬ್ರೆಡ್ಡಿಗೆ ಹ್ಯಾಮ್ ಇಟ್ಟು ಕತ್ತರಿಸುತ್ತಿದ್ದರು. ಹೊರಗೆ ಕ್ಲಬ್ಬಿನ ಹುಡುಗರು ಹಳದಿ ಅಂಗಿ ತೊಟ್ಟು, ಬಂದ ಕಾರುಗಳನ್ನು ಪಕ್ಕದ ಹೊಲದಲ್ಲಿ ನಿಲ್ಲಿಸುತ್ತಿದ್ದರು. ಯಾರೂ ಕರೆದಿರಲಿಲ್ಲ. ಕಿಲ್‌ಕೊರಾದಲ್ಲಿ ಸಾವಿನ ಮನೆಗೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ, ಅವರೇ ಬಂದು ಕೆಲಸ ಹಂಚಿಕೊಳ್ಳುತ್ತಾರೆ.

ಫುಟ್‌ಬಾಲ್ ಬಗ್ಗೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ. ಸಾವಿನ ಮನೆಯಲ್ಲಿ ಆಟದ ಮಾತು ಕೂಡದೆಂಬ ಕಟ್ಟಳೆಯೇನೂ ಅಲ್ಲಿಲ್ಲ. ಪಾದ್ರಿಯ ಹೆಣದ ಎದುರೇ ನಿಂತು ಗೋಲ್‌ಕೀಪರನಿಗೆ ಉಗಿದ ಊರು ಅದು. ಇವತ್ತು ಮಾತ್ರ ಮಳೆಯ ವಿಷಯ, ದನಗಳನ್ನು ಕೊಟ್ಟಿಗೆಗೆ ತರುವ ವಿಷಯ, ಆಸ್ಪತ್ರೆಯ ನರ್ಸುಗಳು ಎಷ್ಟು ಒಳ್ಳೆಯವರು ಎಂಬ ವಿಷಯ. ಎಲ್ಲರೂ ಆಟವನ್ನು ಸುತ್ತಿ ಬಳಸಿ ನಡೆಯುತ್ತಿದ್ದರು. ಬೈದುಬಿಟ್ಟಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಬೈಯಲು ಅವರಿಗೆ ಕಾರಣವಿತ್ತು, ಆದರೆ ಗೊತ್ತಿದ್ದದ್ದು ಅರ್ಧ ಕಾರಣ ಮಾತ್ರ. ಕಿಲ್‌ಕೊರಾದವನೇ ಆದ ಫೆಸ್ಟಿ ಹೊಳೆಯಾಚೆಯ ಡೆರಿಮಾಯ್ಲ್ ತಂಡಕ್ಕೆ ಕೋಚ್ ಆಗಿ, ಕೌಂಟಿಯ, ಅಂದರೆ ಜಿಲ್ಲೆಯ, ಫೈನಲ್ಲಿನಲ್ಲಿ ತನ್ನ ಸ್ವಂತ ಊರನ್ನೇ ಒಂದು ಪಾಯಿಂಟಿನಿಂದ ಸೋಲಿಸಿದ್ದ. ಇದು ಎಲ್ಲರಿಗೂ ಗೊತ್ತಿತ್ತು. ಉಳಿದರ್ಧ ಗೊತ್ತಿದ್ದದ್ದು ಅವನಿಗೆ, ಮೈದಾನದಲ್ಲಿದ್ದ ಇನ್ನೊಬ್ಬನಿಗೆ. ಬಹುಶಃ ಮೂರನೆಯವನಿಗೂ. ಆ ಮೂರನೆಯವನು ಎನ್ಡಾ ಮುಲ್ರೋಯ್, ಕಿಲ್‌ಕೊರಾ ತಂಡದ ನಾಯಕ. ಅವನು ಇನ್ನೂ ಕೈ ಕುಲುಕಲು ಬಂದಿರಲಿಲ್ಲ. ಬಾಗಿಲಲ್ಲಿ ಎತ್ತರದ ನೆರಳು ಕಂಡಾಗೆಲ್ಲ ಫೆಸ್ಟಿ ಕುರ್ಚಿಯಲ್ಲಿ ನೆಟ್ಟಗಾಗುತ್ತಿದ್ದ.

ಒಂದು ಕಾಲದಲ್ಲಿ ಫೆಸ್ಟಿ ಈ ಊರಿನ ಕಣ್ಮಣಿಯಾಗಿದ್ದ. ಹದಿನೆಂಟಕ್ಕೇ ಕೌಂಟಿ ತಂಡ ಸೇರಿದ. ಮಧ್ಯ ಮೈದಾನದಲ್ಲಿ ಅವನು ಚೆಂಡಿಗೆ ನೆಗೆದರೆ ಇಳಿಯುವುದನ್ನೇ ಮರೆಯುತ್ತಾನೆ ಎಂದು ಮುದುಕರು ಈಗಲೂ ಹೇಳುತ್ತಾರೆ. ಹಗಲು ಸಹಕಾರ ಸಂಘದ ಮೇವಿನ ಲಾರಿ ಓಡಿಸಿ, ಸಂಜೆ ಕೆಸರಲ್ಲಿ ಬಿದ್ದು ಎದ್ದು ಅಭ್ಯಾಸ ಮಾಡುತ್ತಿದ್ದ. ಡಬ್ಲಿನ್ನಿನ ದೊಡ್ಡ ಮೈದಾನದಲ್ಲಿ ಒಂದು ಸೆಮಿಫೈನಲ್ ಆಡಿ ಸೋತು ಬಂದಾಗಲೂ ಊರು ಅವನನ್ನು ಹೆಗಲ ಮೇಲೆ ಹೊತ್ತಿತ್ತು. ಮಂಡಿ ಕೈಕೊಟ್ಟ ಮೇಲೆ ಮಕ್ಕಳ ತಂಡಗಳಿಗೆ ಕಲಿಸತೊಡಗಿದ. ಊರಿನ ಯಾವ ಹುಡುಗನ ಯಾವ ಕಾಲು ಚೆನ್ನ, ಯಾರು ಬೈದರೆ ಆಡುತ್ತಾನೆ, ಯಾರು ಬೈದರೆ ಮುದುಡುತ್ತಾನೆ ಎಂಬುದೆಲ್ಲ ಅವರ ತಾಯಂದಿರಿಗಿಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದು ಕೋಚ್ ಆದವನ ಬಂಡವಾಳ. ನಂಬಿ ಕೈಗಿಟ್ಟದ್ದು ಎಂದೂ ಅನ್ನಬಹುದು.

ಅಮ್ಮನಿಗೂ ಅದೇ ಹುಚ್ಚು. ಹಸಿರು ಬಿಳಿ ಪಟ್ಟೆಯ ಜೆರ್ಸಿಗಳನ್ನು ಒಗೆಯುವ ಕೆಲಸ ಡೀಲಿಯಾಳದು. ಭಾನುವಾರದ ಆಟ ಮುಗಿದರೆ ಕೆಸರು ಮೆತ್ತಿದ ಚೀಲ ಅವಳ ಹಿತ್ತಲಿಗೆ ಬರುತ್ತಿತ್ತು, ಗುರುವಾರ ಇಸ್ತ್ರಿಯಾಗಿ ಹೋಗುತ್ತಿತ್ತು. ಅಭ್ಯಾಸ ಮುಗಿಸಿದ ಚಿಕ್ಕ ಹುಡುಗರು ಚೀಲದ ಜೊತೆ ತಾವೂ ಬರುತ್ತಿದ್ದರು. ಅವಳ ಸೋಡಾ ಬ್ರೆಡ್ಡು, ಬೆಣ್ಣೆ, ಚಹಾ. ಮೇಜಿನ ಸುತ್ತ ಅವತ್ತಿನ ಆಟದ ಪಂಚಾಯಿತಿ ನಡೆಯುತ್ತಿತ್ತು.

ಎನ್ಡಾ ಆ ಹುಡುಗರಲ್ಲೊಬ್ಬ. ಅವನಪ್ಪ ಟ್ರ್ಯಾಕ್ಟರ್ ಮಗುಚಿ ಸತ್ತ ವರ್ಷ ಹುಡುಗ ಮಾತೇ ಬಿಟ್ಟಿದ್ದ. ಆಡುತ್ತಿದ್ದ, ಆಡುತ್ತಿದ್ದ, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಒಂದು ಸಂಜೆ ಬೇರೆ ಹುಡುಗರೆಲ್ಲ ಹೋದ ಮೇಲೆ, ಡೀಲಿಯಾಳ ಮೇಜಿನ ಮುಂದೆ ಕೂತು, ಬ್ರೆಡ್ಡಿನ ತುಂಡು ನೋಡುತ್ತ ಹೇಳಿದ. ಫ್ರೀ ಕಿಕ್ ತೆಗೆದುಕೊಳ್ಳುವ ಮೊದಲು ಮನಸ್ಸಿನಲ್ಲೇ "ಅಪ್ಪ, ನೋಡ್ತಿರು" ಅನ್ನುತ್ತೇನೆ, ಆಮೇಲೆ ಚೆಂಡು ತಾನಾಗಿ ಕಂಬಗಳ ನಡುವೆ ಹೋಗುತ್ತದೆ, ಇದನ್ನು ಯಾರಿಗೂ ಹೇಳಬೇಡಿ ಎಂದ. ಡೀಲಿಯಾ ಅವನ ತಲೆ ಸವರಿದಳು. ಪಕ್ಕದಲ್ಲೇ ಇದ್ದ ಫೆಸ್ಟಿ, "ನಿಮ್ಮಪ್ಪ ಎಲ್ಲಾದ್ನೂ ನೋಡ್ತಾನೆ ಕಣೋ, ಅವನಿಗಿಂತ ಒಳ್ಳೇ ಸೀಟು ಯಾರಿಗಿದೆ" ಎಂದಿದ್ದ. ಹುಡುಗ ಆ ವರ್ಷದಲ್ಲಿ ಮೊದಲ ಸಲ ನಕ್ಕಿದ್ದ.

ಹೀಗಿದ್ದ ಫೆಸ್ಟಿಯನ್ನು ಊರೇ ಹೊಳೆ ದಾಟಿಸಿತು. ಕಿಲ್‌ಕೊರಾದ ದೊಡ್ಡವರ ತಂಡಕ್ಕೆ ಕೋಚ್ ಆಗಿ ಅವನು ಎರಡು ಫೈನಲ್ ಸೋತ. ಮೂರನೆಯ ಸಲ ಫೈನಲ್ಲಿಗೇ ಹೋಗಲಿಲ್ಲ. ಕ್ಲಬ್ಬಿನ ಸಭೆಯಲ್ಲಿ ಕೈ ಎತ್ತಿಸಿ ಅವನನ್ನು ಇಳಿಸಿದರು, ಅದನ್ನು ಇಗರ್ಜಿಯ ಗೇಟಿನಲ್ಲಿ ನಿಲ್ಲಿಸಿ ಹೇಳಿದರು. ಹೇಳಿದವನು ಅಧ್ಯಕ್ಷ ಗೇಬ್ರಿಯಲ್ ಟೋಲನ್, ಫೆಸ್ಟಿಯ ಜೊತೆಗೇ ಆಡಿ ಬೆಳೆದವನು. ಸಿಟ್ಟು ನೆತ್ತಿಗೇರಿತು. ಡೆರಿಮಾಯ್ಲ್‌ನವರು ಮನೆ ಬಾಗಿಲಿಗೆ ಬಂದಾಗ ಅವನು ಯೋಚಿಸಲೂ ಇಲ್ಲ. ಸಿಟ್ಟಿನಲ್ಲಿ ತೆಗೆದುಕೊಂಡ ಕೆಲಸವನ್ನು ಶ್ರದ್ಧೆಯಿಂದ ಮಾಡಿದ, ಅದೇ ಅವನ ಗ್ರಹಚಾರ.

ಫೈನಲ್ಲಿನ ಹಿಂದಿನ ಸಂಜೆ ತನ್ನ ಡಿಫೆಂಡರ್ ಕಾನ್ಲೆತ್ ರೀಗನ್‌ನನ್ನು ಒಂದು ಕಡೆ ಕರೆದು ಫೆಸ್ಟಿ ಆ ಮಾತು ಹೇಳಿಕೊಟ್ಟ. ಕೊನೆಯಲ್ಲಿ ಬೇಕಾದರೆ ಮಾತ್ರ, ಎಂದ. ಬೇಕಾಯಿತು. ಆಟ ಮುಗಿಯುವ ಹೊತ್ತು, ಕಿಲ್‌ಕೊರಾ ಒಂದು ಪಾಯಿಂಟ್ ಹಿಂದೆ, ಗೋಲಿನ ಎದುರೇ ಫ್ರೀ ಕಿಕ್, ಕಂಬಗಳ ನಡುವೆ ಹಾಯಿಸಿದರೆ ಒಂದು ಪಾಯಿಂಟು, ಆಟ ಸಮ. ಎನ್ಡಾ ನಿದ್ದೆಗಣ್ಣಲ್ಲೂ ಹೊಡೆಯುವಂಥದ್ದು. ಅವನು ಚೆಂಡು ನೆಲಕ್ಕಿಟ್ಟು ಹಿಂದೆ ಸರಿಯುತ್ತಿದ್ದಾಗ ರೀಗನ್ ಪಕ್ಕದಲ್ಲಿ ಹಾದು ಅವನ ಕಿವಿಗೆ ಬಗ್ಗಿದ. "ನಿಮ್ಮಪ್ಪ ನೋಡ್ತಿಲ್ಲ ಕಣೋ. ಯಾವತ್ತೂ ನೋಡ್ಲಿಲ್ಲ." ಎನ್ಡಾ ರೀಗನ್ ಕಡೆ ನೋಡಲಿಲ್ಲ. ತಲೆಯೆತ್ತಿ, ಮೈದಾನದ ಅಂಚಿನಲ್ಲಿ ನಿಂತಿದ್ದ ಫೆಸ್ಟಿಯನ್ನು ನೇರವಾಗಿ ನೋಡಿದ. ಆಮೇಲೆ ಓಡಿ ಬಂದು ಒದ್ದ. ಚೆಂಡು ಕಂಬದಿಂದ ಎಷ್ಟೋ ದೂರ ಹೋಗಿ ಬಿತ್ತು.

ಡೆರಿಮಾಯ್ಲ್‌ನವರು ಫೆಸ್ಟಿಯನ್ನು ಹೆಗಲ ಮೇಲೆ ಎತ್ತಿದರು. ಅಷ್ಟು ಎತ್ತರದಲ್ಲಿ ಕೂತು ಅವನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಅದೇ ವಾರದ ಕೊನೆಗೆ ಅಮ್ಮನ ಮನೆಗೆ ಹೋದಾಗ ಅವಳು ಚಹಾ ಬಗ್ಗಿಸುತ್ತ ಕೇಳಿದಳು.

"ಎನ್ಡಾನ ಗುರಿ ಯಾಕೆ ತಪ್ಪೋಯ್ತು ಫೆಸ್ಟಿ?"

"ಗಾಳಿ ಅಮ್ಮ."

"ಗಾಳಿಯಾ," ಎಂದಳು. ಸಕ್ಕರೆ ಮುಂದೆ ತಳ್ಳಿದಳು. ಆಮೇಲೆ ಅವಳು ಆಟದ ಮಾತೆತ್ತಲಿಲ್ಲ, ಅವನೂ ಎತ್ತಲಿಲ್ಲ. ನವೆಂಬರ್ ಹೊತ್ತಿಗೆ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆ ಸೇರಿದಳು, ಅಲ್ಲಿಂದ ಪೆಟ್ಟಿಗೆಯಲ್ಲಿ ಬಂದಳು. ಅವನು ಅವಳಿಗೆ ಹೇಳಿದ ಕಡೆಯ ದೊಡ್ಡ ಮಾತೇ ಸುಳ್ಳಾಗಿ ಉಳಿಯಿತು.

ಗೇಬ್ರಿಯಲ್ ಟೋಲನ್ ಕೈಯಲ್ಲಿ ಚಹಾದ ಬಟ್ಟಲು ಹಿಡಿದು ಬಂದು ಫೆಸ್ಟಿಯ ಪಕ್ಕದ ಕುರ್ಚಿಯಲ್ಲಿ ಉಸ್ಸೆಂದು ಕೂತ. ಬೂಟು ತುಂಬ ಕೆಂಪು ಮಣ್ಣು.

"ಗುಂಡಿ ಆಯ್ತು ಕಣಯ್ಯ. ನಿಮ್ಮಪ್ಪನ ಪಕ್ಕದಲ್ಲೇ. ಕೆಳಗೆ ಬರೀ ಬಂಡೆ. ನಿಮ್ಮಪ್ಪ ಬದುಕಿದ್ದಾಗ್ಲೂ ಯಾರಿಗೂ ಜಾಗ ಬಿಡ್ತಿರ್ಲಿಲ್ಲ, ಈಗ್ಲೂ ಅಷ್ಟೇ."

ಫೆಸ್ಟಿ ನಕ್ಕಂತೆ ಮಾಡಿದ. "ಯಾರು ಅಗೆದಿದ್ದು?"

"ನಮ್ಮ ಹುಡುಗ್ರೇ. ಎನ್ಡಾ ಬೆಳಿಗ್ಗೆಯಿಂದ ಗುಂಡೀಲೇ ಇದ್ದ. ಇನ್ನೊಬ್ಬರ ಕೈಗೆ ಹಾರೆ ಕೊಡ್ಲಿಲ್ಲ ಅಂತೀನಿ."

ಸಾಲಿನಲ್ಲಿದ್ದವರು ಅಮ್ಮನ ಕಡೆ ಹೋದರು. ಸ್ವಲ್ಪ ಹೊತ್ತು ಇವರಿಬ್ಬರ ಹತ್ತಿರ ಯಾರೂ ಇರಲಿಲ್ಲ. ಗೇಬ್ರಿಯಲ್ ಬಟ್ಟಲಿನೊಳಗೆ ನೋಡಿದ.

"ಇದು ಕೇಳೋ ಜಾಗ ಅಲ್ಲ, ಬಿಡು. ಆದ್ರೂ ಒಂದು ಕೇಳ್ತೀನಿ. ನಿಮ್ಮ ರೀಗನ್ ಅವತ್ತು ಹುಡುಗನ ಕಿವೀಲಿ ಏನೋ ಅಂದ. ನಾನು ಕಣ್ಣಾರೆ ನೋಡ್ದೆ. ಎನ್ಡಾನ ಕೇಳಿದ್ರೆ ಏನಿಲ್ಲ ಅಂತಾನೆ. ನಿನಗೇನಾದ್ರೂ ಗೊತ್ತಾ?"

ಫೆಸ್ಟಿಗೆ ಅಮ್ಮನ ಮುಖದ ಒಂದು ಪಕ್ಕ ಕಾಣುತ್ತಿತ್ತು. ಹೇಳಿಬಿಡು, ಎಂದು ಒಳಗೆ ಯಾರೋ ತಿವಿದ ಹಾಗಾಯಿತು. ಊರಿಗೂರೇ ಮನೆಯಲ್ಲಿದೆ, ಒಂದು ಸಲ ಹೇಳಿದರೆ ಎಲ್ಲರಿಗೂ ಹೇಳಿದಂತೆ.

"ನನಗೇನು ಗೊತ್ತು ಗೇಬಿ. ಹುಡುಗ್ರು ಏನಾದ್ರೂ ಬೊಗಳ್ತಾರೆ."

"ಅದೇ ನಾನೂ ಅಂದ್ಕೊಂಡೆ," ಎಂದ ಗೇಬ್ರಿಯಲ್. "ನೀನು ಎಷ್ಟೇ ಸಿಟ್ಟು ಮಾಡ್ಕೊಂಡಿದ್ರೂ ಅಂಥಾದ್ದಕ್ಕೆಲ್ಲ ಬಿಡ್ತಿರ್ಲಿಲ್ಲ." ಅವನ ಮೊಣಕಾಲು ತಟ್ಟಿ ಎದ್ದು ಹೋದ.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಈ ನಂಬಿಕೆಯನ್ನು ಹೇಗೆ ತಡೆದುಕೊಳ್ಳುವುದು? ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು ಫೆಸ್ಟಿಗೆ. ಹೆತ್ತ ತಾಯಿಯ ಹೆಣದ ಮುಂದೆ ಕೂತು ಮತ್ತೊಂದು ಸುಳ್ಳು ಹೇಳಿದ್ದ, ಅದೂ ಅವಳ ಗುಂಡಿ ತೋಡಿಸಿ ಬಂದವನಿಗೆ. ಮುಖಕ್ಕೆ ರಕ್ತ ನುಗ್ಗಿದ್ದನ್ನು ನೋಡಿ ಯಾರೋ ಹೆಂಗಸು, ಪಾಪ ತಾಯಿಯನ್ನು ನೆನೆದು ಸಂಕಟಪಡುತ್ತಿದ್ದಾನೆ ಎಂದು ಇನ್ನೊಬ್ಬಳಿಗೆ ಹೇಳಿ ಬಿಸಿ ಚಹಾ ತಂದುಕೊಟ್ಟಳು. ಅವನು ಅದನ್ನೂ ಕುಡಿದ.

ಅಟ್ರಾಕ್ಟಾ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋದದ್ದು ಜನ ಸ್ವಲ್ಪ ಕಡಿಮೆಯಾದ ಮೇಲೆ. ಅಕ್ಕ ಅತ್ತು ಅತ್ತು ಮೂಗು ಕೆಂಪು ಮಾಡಿಕೊಂಡಿದ್ದಳು. ಆದರೂ ದನಿ ಮೇಷ್ಟರದೇ, ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿದ ಹೆಂಗಸು.

"ನಾಳೆ ಪೆಟ್ಟಿಗೆ ಯಾರ್ಯಾರು ಹೊರಬೇಕು ಅಂತ ಅಮ್ಮನೇ ಹೇಳಿದಾಳೆ. ಇಗರ್ಜಿಯಿಂದ ಸ್ಮಶಾನದವರೆಗೂ ಬದಲಾಯಿಸೋ ಹಾಗಿಲ್ಲ."

"ಸರಿ. ಯಾರು?"

"ಹಿಂದೆ ನನ್ನ ಮಕ್ಕಳು. ನಡುವೆ ಗೇಬಿ ಮತ್ತೆ ಅವನ ಮಗ. ಮುಂದೆ ನೀನು. ನಿನ್ನ ಜೋಡಿ ಎನ್ಡಾ ಮುಲ್ರೋಯ್."

ಫೆಸ್ಟಿ ಬಟ್ಟೆ ಒಣಗಿಸುವ ಹಗ್ಗ ಹಿಡಿದುಕೊಂಡ. "ಎನ್ಡಾ ಯಾಕೆ? ನೆಂಟನೂ ಅಲ್ಲ."

"ನನ್ನ ಕೇಳ್ಬೇಡ. ಫೈನಲ್ ಆದ ಎರಡು ದಿನಕ್ಕೆ ಅವನು ಬಂದಿದ್ನಂತೆ. ಬಹಳ ಹೊತ್ತು ಕೂತಿದ್ದ. 'ಏನೋ ಕೇಳಿದ, ನಾನು ಇಲ್ಲಪ್ಪ ಅಂದೆ, ಅಷ್ಟೇ' ಅಂದ್ಲು ಅಮ್ಮ. ಅದಾದ ಮೇಲೇನೇ ಹೊರೋರ ವಿಷಯ ಎತ್ತಿದ್ದು." ಅವಳು ತಮ್ಮನ ಮುಖ ನೋಡಿದಳು. "ಯಾಕೋ? ನಿನಗೂ ಅವನಿಗೂ ಏನು?"

"ಏನಿಲ್ಲ."

ಏನು ಕೇಳಿರುತ್ತಾನೆಂದು ಫೆಸ್ಟಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹುಡುಗ ಮೇಜಿನ ಮುಂದೆ ಹೇಳಿದ್ದ ಆ ಗುಟ್ಟು ಗೊತ್ತಿದ್ದದ್ದು ಪ್ರಪಂಚದಲ್ಲಿ ಬೇರೆ ಇಬ್ಬರಿಗೆ. ಒಬ್ಬಳು ಇಲ್ಲ ಎಂದ ಮೇಲೆ ಉಳಿದವನು ಒಬ್ಬನೇ. ಹಾಗಾದರೆ ತಾನು ಗಾಳಿ ಎಂದ ದಿನ ಅಮ್ಮನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಸಕ್ಕರೆ ಮುಂದೆ ತಳ್ಳಿದ್ದಳು. ಸಾಯುವವರೆಗೂ ಒಂದು ಮಾತು ಆಡದೆ, ಸತ್ತ ಮೇಲೆ ಊರೆದುರು ತನ್ನನ್ನು ಎನ್ಡಾನ ಪಕ್ಕಕ್ಕೆ ನಿಲ್ಲಿಸುತ್ತಿದ್ದಾಳೆ. ಶಿಕ್ಷೆಯೇ ಸರಿ ಎಂದುಕೊಂಡ. ತನಗೆ ತಕ್ಕದ್ದೇ ಎಂದೂ ಅಂದುಕೊಂಡ.

ಮಾರನೆಯ ದಿನ ಪೂಜೆ ಮುಗಿದು ಹೊರಗೆ ಬಂದರೆ, ಇಗರ್ಜಿಯ ಮೆಟ್ಟಿಲಿನಿಂದ ಗೇಟಿನವರೆಗೆ ಎರಡೂ ಬದಿಗೆ ಕ್ಲಬ್ಬಿನವರು ಸಾಲಾಗಿ ನಿಂತಿದ್ದರು. ಎಲ್ಲರ ಮೈಮೇಲೆ ಹಸಿರು ಬಿಳಿ ಪಟ್ಟೆ. ಡೀಲಿಯಾ ಒಗೆದು ಒಗೆದು ಬಣ್ಣ ಮಾಸಿಸಿದ ಹಳೆಯ ಜೆರ್ಸಿಗಳನ್ನೇ ಹುಡುಕಿ ಹಾಕಿಕೊಂಡು ಬಂದಿದ್ದರು. ಕೋಟು ಟೈ ತೊಟ್ಟ ಫೆಸ್ಟಿ ಒಬ್ಬನೇ ಹೊರಗಿನವನ ಹಾಗೆ ಕಂಡ. ಎನ್ಡಾ ಮೆಟ್ಟಿಲ ಕೆಳಗೆ ಕಾದಿದ್ದ. ಅಂಗೈಯಲ್ಲಿ ಹಾರೆ ಹಿಡಿದು ಎದ್ದ ಬೊಬ್ಬೆಗಳಿದ್ದವು. "ನಿಮ್ಮ ಕಷ್ಟಕ್ಕೆ ಬೇಜಾರಾಯ್ತು" ಎಂದು ಕೈ ಕುಲುಕಿದ, ಕಣ್ಣು ಸೇರಿಸಲಿಲ್ಲ.

ಪೆಟ್ಟಿಗೆ ಹೊರುವವರು ಪಕ್ಕದವನ ಹೆಗಲ ಮೇಲೆ ಕೈ ಹಾಕಿ ಬಿಗಿಯಾಗಿ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಭಾರ ನಿಲ್ಲುವುದಿಲ್ಲ. ಫೆಸ್ಟಿ ಎಡಗೈ ಚಾಚಿದ. ಎನ್ಡಾನ ತೋಳು ಅವನ ಬೆನ್ನ ಮೇಲಿಂದ ಬಂದು ಆಚೆ ಹೆಗಲನ್ನು ಹಿಡಿಯಿತು. ಇಬ್ಬರ ಕೆನ್ನೆಗಳ ನಡುವೆ ಅಮ್ಮ. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ.

ಸ್ಮಶಾನ ಇರುವುದು ದಿಣ್ಣೆಯ ಮೇಲೆ. ಫೆಸ್ಟಿಯ ಮಂಡಿ ಅರ್ಧ ದಾರಿಯಲ್ಲೇ ನಡುಗತೊಡಗಿತು. ಅದು ಗೊತ್ತಾದದ್ದು ಮೊದಲು ಎನ್ಡಾನಿಗೆ. ಅವನ ಹಿಡಿತ ಬಿಗಿಯಾಯಿತು, ಹೆಜ್ಜೆ ಸಣ್ಣದಾಯಿತು. "ನಿಧಾನ," ಎಂದ, ಅಷ್ಟೇ. ಬೇರೆ ಯಾರಿಗೂ ಕೇಳಲಿಲ್ಲ. ತನ್ನ ಅರ್ಧ ವಯಸ್ಸಿನವನು, ತಾನು ಮುರಿದವನು, ಈಗ ತನ್ನನ್ನು ಬೀಳದಂತೆ ಹಿಡಿದು ನಡೆಸುತ್ತಿದ್ದ. ದಾರಿಯುದ್ದಕ್ಕೂ ಜನ ಟೋಪಿ ತೆಗೆದು ನಿಂತಿದ್ದರು. ಇಬ್ಬರೂ ರಾಜಿಯಾದರು ನೋಡು ಎಂದು ಯಾರೋ ಪಿಸುಗುಟ್ಟಿದ್ದು ಅವನ ಕಿವಿಗೆ ಬಿತ್ತು.

ಪ್ರಾರ್ಥನೆ ಮುಗಿದು, ಹುಡುಗರು ಮಣ್ಣು ಎಳೆದು ಮುಚ್ಚಿ, ಜನ ಹೋಟೆಲಿನ ಊಟಕ್ಕೆ ಚದುರುವಾಗ ಎನ್ಡಾ ಗೋಡೆಯ ಹತ್ತಿರ ಸಲಿಕೆ ಒರೆಸುತ್ತಿದ್ದ. ಫೆಸ್ಟಿ ಅವನ ಹತ್ತಿರ ಹೋದ.

"ಎನ್ಡಾ. ರೀಗನ್‌ಗೆ ಹೇಳ್ಕೊಟ್ಟಿದ್ದು ನಾನೇ."

"ಗೊತ್ತು." ಸಲಿಕೆ ಒರೆಸುವುದನ್ನು ಅವನು ನಿಲ್ಲಿಸಲಿಲ್ಲ. "ಅವತ್ತೇ ಗೊತ್ತಾಯ್ತು. ಆದ್ರೂ ಇರ್ಲಾರದು ಅಂತ ನಿಮ್ಮಮ್ಮನ್ನ ಕೇಳೋಕೆ ಹೋದೆ."

"ನನಗೆ ನಾಚಿಕೆ ಆಗ್ತಿದೆ ಕಣೋ. ಊರಿಗೆಲ್ಲ ಹೇಳು. ಗೇಬಿಗೆ ಹೇಳು. ನಾನೇ ಹೇಳ್ತೀನಿ ಬೇಕಾದ್ರೆ, ಈಗ್ಲೇ, ಹೋಟೆಲ್‌ನಲ್ಲಿ ಎಲ್ಲರ ಮುಂದೆ."

"ಬೇಡ."

"ಯಾಕೆ ಬೇಡ?"

"ಹೇಳಿದ್ರೆ, ರೀಗನ್ ಏನಂದ ಅಂತ ಕೇಳ್ತಾರೆ. ಆಗ ನಾನು ಏನಂದ್ಕೊಳ್ತಿದ್ದೆ ಅನ್ನೋದೂ ಹೊರಗೆ ಬರ್ಬೇಕಲ್ಲ." ಎನ್ಡಾ ಮೊದಲ ಸಲ ಅವನ ಮುಖ ನೋಡಿದ. ಕಣ್ಣಲ್ಲಿ ಸಿಟ್ಟಿದ್ದರೆ ಫೆಸ್ಟಿಗೆ ಆಸರೆಯಾಗುತ್ತಿತ್ತು, ಸಿಟ್ಟಿರಲಿಲ್ಲ. "ಅದು ನನ್ನದು, ಫೆಸ್ಟಿ. ನಿಮಗೆ ಹಗುರ ಆಗ್ಲಿ ಅಂತ ಅದನ್ನ ಊರಿಗೆಲ್ಲ ಹಂಚೋಕಾಗಲ್ಲ."

ಫೆಸ್ಟಿ ತಲೆ ತಗ್ಗಿಸಿದ. ಬಾಯಿ ಬಿಟ್ಟು ಹೇಳಿ ಹಗುರಾಗುವ ದಾರಿಯೂ ಮುಚ್ಚಿತು. ಅವನು ಕೇಳಿದ, "ಮತ್ತೆ ಇವತ್ತು ಯಾಕೆ ಹೊತ್ತೆ? ಆಗಲ್ಲ ಅನ್ನಬಹುದಿತ್ತು."

"ಅಂದಿದ್ದೆ. ಅವರ ಹತ್ರಾನೇ ಅಂದಿದ್ದೆ." ಎನ್ಡಾ ಹೊಸ ಮಣ್ಣಿನ ದಿಬ್ಬದ ಕಡೆ ಗಲ್ಲ ತೋರಿಸಿದ. "'ಇದು ಹೊರಗೆ ಬಿದ್ರೆ ನನ್ನ ಮಣ್ಣಿನ ದಿನ ಫೆಸ್ಟಿ ಪಕ್ಕ ಯಾರೂ ನಿಲ್ಲಲ್ಲ, ನೀನೊಬ್ಬ ನಿಂತ್ಕೋ ಮಗಾ, ನನಗೋಸ್ಕರ' ಅಂದ್ರು. ಅವರ ಬ್ರೆಡ್ಡು ತಿಂದಿದೀನಿ. ಇಲ್ಲ ಅನ್ನೋಕಾಗ್ಲಿಲ್ಲ."

ಶಿಕ್ಷೆ ಎಂದುಕೊಂಡಿದ್ದ. ಅವಳು ಮಗನಿಗಾಗಿ ಅಂಗಲಾಚಿದ್ದಳು, ಅದೂ ಆ ಮಗನಿಂದ ನೊಂದವನ ಮುಂದೆಯೇ. ಇಷ್ಟು ಹೊತ್ತು ಬಾರದಿದ್ದ ಅಳು ಈಗ ಬಂತು. ಎನ್ಡಾ ಕರವಸ್ತ್ರವನ್ನೂ ಕೊಡಲಿಲ್ಲ, ಹೊರಟೂ ಹೋಗಲಿಲ್ಲ.

ಕೊನೆಗೆ ಫೆಸ್ಟಿ ಮೂಗು ಒರೆಸಿಕೊಂಡು, "ಈಗ್ಲೂ ಹೇಳ್ಕೊಳ್ತೀಯಾ, ಒದೆಯೋ ಮುಂಚೆ?" ಎಂದ.

"ಇಲ್ಲ. ಹೇಳೋಕೆ ಹೋದ್ರೆ ರೀಗನ್ ದನೀಲೇ ಕೇಳ್ಸುತ್ತೆ. ಈಗ ಸುಮ್ನೆ ಒದೀತೀನಿ. ಸಂಜೆ ಹೊತ್ತು, ಒಬ್ನೇ ಹೋಗಿ."

ಕೇಳಬಾರದೆಂದು ಫೆಸ್ಟಿಗೆ ಗೊತ್ತಿತ್ತು. ಆದರೆ ಹುಡುಗರಿಗೆ ಕಲಿಸಿ ಕಲಿಸಿ ಪಳಗಿದ ನಾಲಿಗೆ, ತಾನಾಗಿ ಕೇಳಿಬಿಟ್ಟಿತು.

"ಚೆಂಡು ನಡುವೆ ಹೋಗುತ್ತಾ?"

"ಇಲ್ಲ," ಎಂದ ಎನ್ಡಾ. ಸಲಿಕೆಯನ್ನು ಹೆಗಲಿಗೇರಿಸಿ, ಊಟ ಮುಗಿದು ಹೋಗುತ್ತೆ ಬನ್ನಿ ಎಂದು ಮುಂದೆ ನಡೆದ.